ಏರಿಯ ಹಿಂದಿನ ತೂತು

“ಏರಿ ಎಲ್ಲೂ ಸೋರಕಿಲ್ಲ ಸ್ವಾಮಿ. ಕಲ್ಲು ಇದ್ದಂಗದೆ,” ಎಂದ ಮರಿಸಿದ್ದಯ್ಯ.

ಹೊಂಬಾಳಿ ಬೆಚ್ಚಿಬಿದ್ದು ಅಪ್ಪನ ಮುಖ ನೋಡಿದಳು. ಅವಳು ಅಪ್ಪನ ಬಾಯಲ್ಲಿ ಸುಳ್ಳು ಕೇಳಿದ್ದು ಅದೇ ಮೊದಲು.

ಮಳವಳ್ಳಿಯಿಂದ ಸೈಕಲ್ಲಿನಲ್ಲಿ ಬಂದಿದ್ದ ಓವರ್ಸಿಯರು ಕೆರೆ ಏರಿಯ ಮೇಲೆ ನಿಂತಿದ್ದರು. ಬಿಡದೆ ಸುರಿದ ಮಳೆಗೆ ಕೆರೆ ತುಂಬಿ ತುಳುಕುತ್ತಿತ್ತು. ಯಾವ ಕೆರೆ ಗಟ್ಟಿಯಾಗಿದೆ, ಯಾವುದು ಒಡೆಯಬಹುದು, ಒಡೆದರೆ ಯಾರ ಮನೆ ಹೋಗುತ್ತದೆ ಎಂದು ಊರೂರು ಸುತ್ತಿ ನೋಡುವುದು ಅವರ ಕೆಲಸ. ಸ್ಕೂಲು ಬಿಟ್ಟ ಮಕ್ಕಳೆಲ್ಲ ಅವರ ಹಿಂದೆಯೇ ಬಂದಿದ್ದರು.

“ಒಡೆದರೆ ನೀರು ಮೊದಲು ನುಗ್ಗೋದು ಆ ಬೀದಿಗೆ,” ಎಂದು ಅವರು ಕೆಳಗೆ ಕೈ ತೋರಿಸಿದರು. “ಎದ್ದು ಓಡೋಕೂ ಪುರುಸೊತ್ತು ಇರಲ್ಲ.”

ಹೊಂಬಾಳಿ ಬಗ್ಗಿ ನೋಡಿದಳು. ಅದು ಅವಳದೇ ಬೀದಿ! ಅಲ್ಲಿ ಈಗ ಅಜ್ಜಿ ಚಿಕ್ಕಬೋರಮ್ಮ ಪುಟ್ಟ ತಮ್ಮನನ್ನು ತೂಗುತ್ತ ಕೂತಿರುತ್ತಾಳೆ.

ಹಿಂದಿನ ದಿನ ಅಪ್ಪನೂ ಅವಳೂ ಎಮ್ಮೆ ಹುಡುಕುತ್ತ ಏರಿಯ ಹಿಂಬದಿಗೆ ಹೋಗಿದ್ದರು. ಅಲ್ಲೊಂದು ತೂತಿನಿಂದ ಕೆಂಪು ನೀರು ಬುಳುಬುಳು ಬರುತ್ತಿತ್ತು. ಅಪ್ಪ ಹೊಂಗೆ ಸೊಪ್ಪು ತುರುಕಿ ಮಣ್ಣು ಮೆತ್ತಿದ್ದ.

“ಯಾರ್ಗೂ ಏಳ್ಬ್ಯಾಡ ಕಣವ್ವ. ತೂಬು ಎತ್ಸಿ ಕೆರೆ ಖಾಲಿ ಮಾಡುಸ್ಬುಡ್ತಾರೆ. ಮಳೆ ನಿಂತ್ಮೇಲೆ ಬತ್ತಕ್ಕೆ ನೀರೆಲ್ಲಿ ತರಾದು? ಮೊದ್ಲೇ ಯುದ್ದದ ಕಾಲ, ಕಾಳುಕಡ್ಡಿ ಸಿಕ್ಕಾಕಿಲ್ಲ,” ಅಂದಿದ್ದ.

ಓವರ್ಸಿಯರು ಸೈಕಲ್ಲು ತಿರುಗಿಸಿದರು.

“ಸಾರ್!” ಹೊಂಬಾಳಿಗೆ ತನ್ನ ದನಿಯೇ ಬೇರೆ ಯಾರದ್ದೋ ಅನ್ನಿಸಿತು. “ಏರಿಯಿಂದ ಕೆಂಪು ನೀರು ಬಂದ್ರೆ ಏನಾಯ್ತದೆ?”

ಅವರು ಗಕ್ಕನೆ ನಿಂತರು. “ತಿಳಿನೀರಾದ್ರೆ ಅಷ್ಟು ಭಯ ಇಲ್ಲ, ಮಗು. ಕೆಂಪು ನೀರು ಅಂದ್ರೆ ಒಳಗಿಂದ ಏರಿಯ ಮಣ್ಣೇ ಕೊರೆದು ಬರ್ತಿದೆ ಅಂತ. ಎಲ್ಲಿ ನೋಡ್ದೆ?”

“ಲೇ, ಮನೆಗೆ ನಡಿ!” ಮರಿಸಿದ್ದಯ್ಯ ಗದರಿದ.

“ಸುಮ್ಕಿರೇ, ನಿಮ್ಮಪ್ಪ ಒಡೀತಾನೆ,” ಎಂದು ಗೆಳೆಯ ಸಿದ್ದರಾಜು ಅವಳ ಕೈ ಜಗ್ಗಿದ.

ಅವಳು ಕೈ ಬಿಡಿಸಿಕೊಂಡು ಏರಿಯ ಇಳಿಜಾರಿನಲ್ಲಿ ಓಡಿಯೇಬಿಟ್ಟಳು. ಹಿಂದೆಯೇ ಎಲ್ಲರೂ ಓಡಿದರು.

ಸೊಪ್ಪಿನ ಸಂದಿಯಿಂದ ನೀರು ಆಗಲೇ ಒಸರುತ್ತಿತ್ತು. ಓವರ್ಸಿಯರು ಸೈಕಲ್ಲಿನಿಂದ ಬಿಚ್ಚಿ ತಂದಿದ್ದ ಹಾರೆಯನ್ನು ಅದರ ಮೇಲ್ಗಡೆ ಊರಿದರು. ಒತ್ತಬೇಕಾಗಲೇ ಇಲ್ಲ. ಕೊಳೆತ ಕುಂಬಳಕಾಯಿಗೆ ಚುಚ್ಚಿದ ಹಾಗೆ ಹಾರೆ ಪೂರ್ತಿ ಒಳಗಿಳಿಯಿತು. ದಢಕ್ಕನೆ ಮಣ್ಣು ಕುಸಿದು, ಹೊಂಬಾಳಿ ಮುದುಡಿ ಕೂರುವಷ್ಟು ದೊಡ್ಡ ಗವಿ ಬಾಯಿ ತೆರೆಯಿತು.

ಮಕ್ಕಳು ಹಿಂದಕ್ಕೆ ಹಾರಿದರು.

“ಇನ್ನೊಂದು ಮಳೆ ಬಿದ್ದಿದ್ರೆ...” ಓವರ್ಸಿಯರು ಕೆಳಗಿನ ಬೀದಿಯ ಕಡೆ ತಿರುಗಿದರು.

ಮರಿಸಿದ್ದಯ್ಯನ ಮುಖ ಬೂದಿಯಂತಾಯಿತು. ಅವನು ಮನೆಗೆ ಓಡಿದ. ಕೂಸನ್ನು ಎದೆಗವಚಿಕೊಂಡು, ಅಜ್ಜಿಯ ಕೈಹಿಡಿದು ದಿಣ್ಣೆಯ ಮೇಲಿನ ಮಾರಿಗುಡಿಗೆ ಕರೆತಂದ. “ಎಲ್ರೂ ಆಚೆಗೆ ಬನ್ನಿ!” ಎಂದು ಬೀದಿಯುದ್ದಕ್ಕೂ ಕೂಗಿದ. ಆಮೇಲೆ ಅವನೇ ಮುಂದಾಗಿ ನಿಂತು ತೂಬು ಎತ್ತಿದ. ಊರಿನವರು ಮಣ್ಣಿನ ಮೂಟೆ ಹೊತ್ತು ತಂದು ಗವಿಗೆ ತುಂಬಿದರು.

ಕತ್ತಲಾಗುವ ಹೊತ್ತಿಗೆ ಕೆರೆ ಒಂದು ಮೊಳ ಇಳಿದಿತ್ತು. ಏರಿ ನಿಂತಿತ್ತು. ಗದ್ದೆಗೆ ಬೇಕಾದ ನೀರು ಮಾತ್ರ ಭೋರ್ಗರೆಯುತ್ತ ಹಳ್ಳ ಸೇರುತ್ತಿತ್ತು.

ಗುಡಿಯ ಜಗಲಿಯಲ್ಲಿ ಎಲ್ಲರಿಗೂ ಮುದ್ದೆ ಬಡಿಸಿದರು. ಸೊಂಟದವರೆಗೆ ಕೆಸರು ಮೆತ್ತಿಕೊಂಡ ಅಪ್ಪ ಬಂದು ಮಗಳ ಪಕ್ಕದಲ್ಲೇ ಕೂತ. ಏಟು ಬೀಳುತ್ತದೆ ಎಂದು ಹೊಂಬಾಳಿ ಮೈ ಕುಗ್ಗಿಸಿಕೊಂಡಳು. ಬೀಳಲಿಲ್ಲ.

“ನೀರೆಲ್ಲಾ ಓಯ್ತದಲ್ಲಪ್ಪ,” ಎಂದಳು ಮೆಲ್ಲಗೆ.

“ಓಗ್ಲಿ ಬುಡವ್ವ.”

ಅಪ್ಪ ಮುದ್ದೆ ಮುರಿಯಲು ನೋಡಿದ. ಬೆರಳು ನಡುಗಿ ತುತ್ತು ಜಾರಿತು. ಮತ್ತೆ ಮುರಿದ, ಮತ್ತೆ ಜಾರಿತು. ಅಪ್ಪನಿಗೆ ಯಾವುದಕ್ಕೂ ಹೆದರಿಕೆಯಿಲ್ಲ ಎಂದುಕೊಂಡಿದ್ದ ಹೊಂಬಾಳಿ ಆ ಬೆರಳುಗಳನ್ನೇ ನೋಡಿದಳು.

ಆಮೇಲೆ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಅಪ್ಪನ ಬಾಯ ಹತ್ತಿರ ಹಿಡಿದಳು.