ಕಾಣದ ಹಲ್ಲು

ಸೀಸೆ ಇತ್ತು, ಮುಚ್ಚಳವೂ ಇತ್ತು. ಒಳಗೆ ಸ್ಪಿರಿಟ್ಟೂ ಇಲ್ಲ, ಮೀನೂ ಇಲ್ಲ!

ಬೆಳಿಗ್ಗೆ ಒಂಬತ್ತಕ್ಕೆ ಕಾಲೇಜಿನ ಲ್ಯಾಬ್ ತೆರೆದ ಜೀವಶಾಸ್ತ್ರದ ಮೇಡಂ ವಾಣಿ ಸೀಸೆ ಎತ್ತಿ ಅಲ್ಲಾಡಿಸಿ ನೋಡಿದಳು. ಅದರಲ್ಲಿದ್ದದ್ದು ಕೆಡದಂತೆ ಸ್ಪಿರಿಟ್ಟಿನಲ್ಲಿಟ್ಟ, ಕಡಲಾಳದ ಕತ್ತಲಲ್ಲಿ ಬದುಕುವ ಡ್ರ್ಯಾಗನ್ ಮೀನು. ಬೆರಳುದ್ದ, ಇದ್ದಿಲುಗಪ್ಪು. ಗಲ್ಲದಡಿ ಮೀಸೆಯಂಥ ಎಳೆ. ಜೀವವಿದ್ದಾಗ ಅದರ ತುದಿ ಬೆಳಗುತ್ತದೆ. ಸಂಶೋಧನಾ ಹಡಗಿನಲ್ಲಿದ್ದ ಗೆಳತಿಯನ್ನು ಕಾಡಿಬೇಡಿ ತಂದಿದ್ದಳು. ಬಾಳ್ಳುಪೇಟೆಯ ಮಕ್ಕಳು ವಾರವಿಡೀ ಸೀಸೆಗೆ ಮೂಗು ಒತ್ತಿ, "ಇದಕ್ಕೆ ಹಲ್ಲೇ ಇಲ್ವಾ ಮೇಡಂ?" ಎಂದು ಕೇಳಿದ್ದರು. ಉತ್ತರ ವಿಜ್ಞಾನ ಪ್ರದರ್ಶನದಲ್ಲಿ ಎಂದು ವಾಣಿ ಸತಾಯಿಸಿದ್ದಳು. ಪ್ರದರ್ಶನ ನಾಳೆಯೇ ಇತ್ತು.

"ಇನ್ಯಾರು? ಕುಳ್ಳಯ್ಯನೇ ಸ್ಪಿರಿಟ್ ಕುಡ್ದು ಮೀನು ಎಸೆದವ್ನೆ," ಎಂದರು ಸುದ್ದಿ ಕೇಳಿ ಬಂದ ಪ್ರಿನ್ಸಿಪಾಲ್ ವೀರಭದ್ರಯ್ಯ. "ಮಧ್ಯಾಹ್ನ ಕೆಲಸದಿಂದ ತೆಗೆಯೋ ಪತ್ರ ಕೊಡ್ತೀನಿ."

ಅಟೆಂಡರ್ ಕುಳ್ಳಯ್ಯ ಬಾಗಿಲಲ್ಲೇ ನಿಂತಿದ್ದ. "ಕುಡ್ಯೋದು ಬುಟ್ಟು ಎರಡು ವರ್ಷ ಆಯ್ತು ಮೇಡಂ. ಆದ್ರೂ ನನ್ ಹೆಸ್ರೇ ಬರ್ತೈತೆ ನೋಡಿ."

ವಾಣಿಗೆ ಸಿಟ್ಟು ನೆತ್ತಿಗೇರಿತು. ಮಧ್ಯಾಹ್ನದೊಳಗೆ ನಿಜವಾದ ಕಳ್ಳನನ್ನು ಹಿಡಿದೇ ಹಿಡಿಯುತ್ತೇನೆ ಎಂದುಕೊಂಡಳು.

*

ಸಿಂಕಿನ ಕೆಳಗೆ ಒರೆಸುವ ಬಟ್ಟೆ. ಮೂಸಿದಳು. ಸ್ಪಿರಿಟ್ ಘಮ್ಮೆಂದಿತು. ಅಂದರೆ ಯಾರೂ ಕುಡಿದಿಲ್ಲ, ಚೆಲ್ಲಿದೆ. ಬೆಕ್ಕೇ? ಬೆಕ್ಕು ನೆಲ ಒರೆಸಿ ಮುಚ್ಚಳ ಹಾಕಿ ಹೋಗುವುದಿಲ್ಲ. ಲ್ಯಾಬಿನ ಬೀಗದ ಕೈಯಂತೂ ಸ್ಟಾಫ್ ರೂಮಿನ ಮೊಳೆಯಲ್ಲೇ ನೇತಾಡುತ್ತಿತ್ತು. ಯಾರು ಬೇಕಾದರೂ ತೆಗೆಯಬಹುದು.

ವಾಣಿ ಸ್ಟಾಫ್ ರೂಮಿಗೆ ಹೋದಾಗ ಭೌತಶಾಸ್ತ್ರದ ಮೇಷ್ಟ್ರು ಮೋಹಿತ್ ಕಾಫಿ ಹೀರುತ್ತಿದ್ದ.

"ಪಾಪ ಮೇಡಂ. ನಾನೂ ಹುಡುಕ್ಲಾ?"

"ನೀವು ಮೀನು ನೋಡಿದ್ರಾ?"

"ಸೀಸೇಲಿ ಒಂದ್ಸಲ ನೋಡಿದ್ದೆ. ಮುಟ್ಟಿಲ್ಲ ಕಣ್ರೀ. ಅಷ್ಟು ಸಣ್ಣದಕ್ಕೆ ಅದೆಂಥ ಹಲ್ಲು ಮಾರಾಯ್ರೆ! ಸೂಜಿ ಜೋಡಿಸ್ದಂಗೆ ಮಿಂಚ್ತಿದ್ವು."

"ಬನ್ನಿ, ಪ್ರಿನ್ಸಿಪಾಲ್ ರೂಮಿಗೆ ಹೋಗೋಣ," ಎಂದಳು ವಾಣಿ.

*

"ಆ ಮೀನಿನ ಹಲ್ಲು ಗಾಜಿನಷ್ಟು ತಿಳಿ ಸರ್. ಮೀಸೆಯ ಬೆಳಕಿಗೆ ಮರುಳಾಗಿ ಬರೋ ಬೇಟೆಗೆ ಹಲ್ಲು ಕಾಣಬಾರದು, ಅದಕ್ಕೇ. ಸ್ಪಿರಿಟ್ಟಲ್ಲೂ ಕಾಣಲ್ಲ. ವಾರವಿಡೀ ಯಾವ ಮಗುವಿಗೂ ಕಾಣಲಿಲ್ಲ. ಆಚೆ ತೆಗೆದು ಬೆಳಕಿಗೆ ಹಿಡಿದವರಿಗೆ ಮಾತ್ರ ಅದು ಮಿಂಚೋದು. ಮುಟ್ಟೇ ಇಲ್ಲ ಅನ್ನೋ ಇವರಿಗೆ ಹೇಗೆ ಮಿಂಚ್ತು?"

ಮೋಹಿತ್ ಒಪ್ಪಿಕೊಂಡ.

"ನಿನ್ನೆ ಸಂಜೆ ಫೋಟೋಗೆ ಅಂತ ಹೊರಗೆ ತೆಗ್ದೆ. ಸೀಸೆ ಉರುಳ್ತು, ಮೀನಿನ ಮೀಸೆ ಮುರೀತು. ಹೆದರ್ಬುಟ್ಟೆ."

ಅವನ ಸ್ಕೂಟರಿನ ಡಿಕ್ಕಿಯಲ್ಲಿ, ಜ್ಯಾಮ್ ಬಾಟಲಿಯೊಳಗೆ ಮೀನು ಸಿಕ್ಕಿತು.

"ಕುಳ್ಳಯ್ಯನ ಕೆಲಸ ಹೋಗ್ತಿತ್ತಲ್ಲ, ಆಗ್ಲೂ ಸುಮ್ನಿದ್ರಲ್ಲ!" ಎಂದಳು ವಾಣಿ.

ವೀರಭದ್ರಯ್ಯ ಕುಳ್ಳಯ್ಯನ ಹೆಸರಿಗೆ ಬರೆದಿದ್ದ ಪತ್ರ ಹರಿಯಲು ಹೋದರು. ವಾಣಿ ತಡೆದಳು. "ಹರೀಬೇಡಿ ಸರ್. ಹೆಸರು ಬದಲಾಯಿಸಿ."

"ಬ್ಯಾಡ ಮೇಡಂ, ಯಾರ ಹೊಟ್ಟೆ ಮೇಲೂ ಹೊಡೀಬ್ಯಾಡಿ," ಎಂದ ಪತ್ರಕ್ಕೆಂದು ಬಂದು ನಿಂತಿದ್ದ ಕುಳ್ಳಯ್ಯ. "ಕುಳ್ಳಯ್ಯ ಕುಡ್ದಿಲ್ಲ ಅಂತ ಇವ್ರು ನಾಳೆ ಮಕ್ಕಳ ಮುಂದೆ ಹೇಳ್ಲಿ. ನಂಗಷ್ಟು ಸಾಕು."

ಮರುದಿನ ಮೋಹಿತ್ ಮೈಕ್ ಹಿಡಿದು ಹೇಳಿದ. ಆಮೇಲೆ ಮೀನನ್ನು ಆಚೆ ತೆಗೆದು, ಮಕ್ಕಳಿಗೆಲ್ಲ ಅದರ ಹಲ್ಲು ತೋರಿಸಿದವನು ಕುಳ್ಳಯ್ಯ.