ಸಡಿಲ ಬಿಟ್ಟ ಸ್ಕ್ರೂ

ಸಂಗೀತದ ಮೇಷ್ಟ್ರು ಆ ಹಳೆಯ ಕಾರನ್ನು ಮೊದಲ ಸಲ ಅಂಗಡಿಯ ಮುಂದೆ ತಂದು ನಿಲ್ಲಿಸಿದಾಗ ಅವಳಿಗೆ ಸಿಟ್ಟೇ ಬಂದಿತ್ತು. ಎಂಜಿನ್ ಚೆನ್ನಾಗಿದೆ, ಅದರ ವೇಗ ತೋರಿಸುವ ಆರ್‌ಪಿಎಂ ಮೀಟರಿನ ಮುಳ್ಳೇ ಸುಳ್ಳು ಹೇಳುತ್ತಿದೆ ಎಂದು ಇಳಿಯುವ ಮೊದಲೇ ತೀರ್ಪು ಕೊಟ್ಟಿದ್ದ. ಎಲ್ಲ ಗೊತ್ತಿದ್ದ ಮೇಲೆ ಇಲ್ಲಿಗೆ ಬಂದದ್ದಾದರೂ ಯಾಕೋ ಎಂದುಕೊಂಡಳು.

ಗಾಡಿಗಳ ಮೀಟರ್ ರಿಪೇರಿ ಅವಳ ಕಸುಬು. ಗಂಡ ಇಟ್ಟ ಅಂಗಡಿ. ಅವನು ತೀರಿಕೊಂಡ ಮೇಲೆ ಅತ್ತೆಯ ಒತ್ತಾಸೆಯಿಂದ ಅವಳೇ ನಡೆಸಿಕೊಂಡು ಬಂದಿದ್ದಳು. ಬೀದಿಗೆಲ್ಲ ಅವಳು ಮೀಟರಕ್ಕ. ಈ ಮನುಷ್ಯ ಮಾತ್ರ ಅಕ್ಕ ಎನ್ನಲಿಲ್ಲ. ಏನೆನ್ನಬೇಕೋ ತಿಳಿಯದೆ, "ನೋಡಿ..." ಎಂದೇ ಪ್ರತಿ ಮಾತೂ ಶುರುಮಾಡುತ್ತಿದ್ದ.

ಕಾರು ಅವನ ಭಾವನದು. ತಂದೆತಾಯಿ ಇಲ್ಲದ ಅವನು ಬೆಳೆದದ್ದು ಅಕ್ಕ-ಭಾವನ ಮನೆಯಲ್ಲಿ, ಸ್ಟಿಯರಿಂಗ್ ಹಿಡಿಯಲು ಕಲಿತದ್ದು ಅದೇ ಕಾರಿನಲ್ಲಿ. ಈಗ ಓಡುತ್ತ ಓಡುತ್ತ ಮುಳ್ಳು ಎಗರಾಡುವುದನ್ನು ಕಂಡು, ಎಂಜಿನ್ ಕೈಕೊಡುತ್ತಿದೆ, ಗುಜರಿಗೆ ಹಾಕುವುದೇ ವಾಸಿ ಎಂದು ಭಾವ ಹಟ ಹಿಡಿದಿದ್ದರು.

ಮೀಟರ್ ಬಿಚ್ಚಿ ಮೇಜಿನ ಮೇಲೆ ಪರೀಕ್ಷಿಸಿದಳು. ಮುಳ್ಳು ಹೇಳಿದ ಮಾತು ಕೇಳಿತು. ಎಂಜಿನ್ನಿನ ಕಾಯಿಲ್‌ನಿಂದ ಮೀಟರಿಗೆ ಬರುವ ವೈರ್ ಬದಲಿಸಿದಳು. ನಿಂತಲ್ಲಿ ಎಲ್ಲ ಸರಿ. ರಸ್ತೆಗಿಳಿದರೆ ಮತ್ತದೇ ಕುಣಿತ. ಕಳ್ಳನನ್ನು ರಸ್ತೆಯಲ್ಲೇ ಹಿಡಿಯಬೇಕು ಎಂದು ಪಕ್ಕದ ಸೀಟಿನಲ್ಲಿ ಕೂತಳು.

ಅವಳು ಮುಳ್ಳು ನೋಡುವುದು, ಅವನು ಎಂಜಿನ್ನಿನ ಸದ್ದು ಹಿಡಿದು ಮೆಲ್ಲಗೆ ಗುನುಗುವುದು. ಮುಳ್ಳು ಎಗರಿದಾಗಲೂ ಅವನ ಗುನುಗು ಒಂದೇ ಸ್ವರದಲ್ಲಿ ನಿಂತಿರುತ್ತಿತ್ತು. ಅವನ ಮಾತು ನಿಜವೆಂದು ಅವಳು ಒಪ್ಪಲೇಬೇಕಾಯಿತು. ತಲೆಯೆತ್ತಿದರೆ ಅವನು ತನ್ನನ್ನೇ ನೋಡುತ್ತಿದ್ದ.

"ಕಣ್ಣು ರಸ್ತೆ ಮೇಲಿರ್ಲಿ, ಮೇಷ್ಟ್ರೆ."

"ನೋಡಿ... ಕಿವಿ ಎಂಜಿನ್ ಮೇಲಿದೆ. ಕಣ್ಣು ಖಾಲಿ ಇತ್ತು."

ನಗು ಬಂತು. ಕಿಟಕಿಯ ಕಡೆ ತಿರುಗಿಕೊಂಡಳು.

ಎಡಕ್ಕೆ ತಿರುಗಿದಾಗಷ್ಟೇ ಮುಳ್ಳು ಎಗರುತ್ತದೆಂದು ಅವಳಿಗೆ ಹೊಳೆಯಿತು. ಖಾತ್ರಿಗೆಂದು ಅದೇ ಬೀದಿಗಳನ್ನು ಎಷ್ಟು ಸಲ ಸುತ್ತಿದರೆಂದರೆ, ಮೂಲೆಯ ಟೈಲರ್ ಮಷಿನ್ ನಿಲ್ಲಿಸಿ ನೋಡತೊಡಗಿದ. ವಾಪಸು ಬಂದು ಡ್ಯಾಶ್‌ಬೋರ್ಡಿನ ಹಿಂದೆ ಕೈಹಾಕಿದಳು. ಮೀಟರಿನ ಅರ್ಥಿಂಗ್ ವೈರ್ ಸಿಕ್ಕಿತು. ಅದನ್ನು ಹಿಡಿದಿದ್ದ ಸ್ಕ್ರೂವಿನ ಅಡಿ ತುಕ್ಕು. ಗಾಡಿ ವಾಲಿದಾಗ ವೈರ್ ಜಗ್ಗಿ ಸಂಪರ್ಕ ತಪ್ಪುತ್ತಿತ್ತು.

ತುಕ್ಕು ಕೆರೆದಳು, ವೈರ್ ಕೂರಿಸಿದಳು, ಸ್ಕ್ರೂ ತಿರುಗಿಸಿದಳು. ಕೊನೆಯ ಅರ್ಧ ಸುತ್ತು ಉಳಿದಿರುವಾಗ ಕೈ ನಿಂತಿತು. ಇದಿಷ್ಟನ್ನೂ ಬಿಗಿ ಮಾಡಿದರೆ ಇವನಿಗೆ ಇಲ್ಲಿ ಕೆಲಸ ಮುಗಿಯಿತು. ಹೊರಗೆ ಬಾನೆಟ್ಟಿಗೆ ಒರಗಿ ಅವನು ಗುನುಗುತ್ತಿದ್ದ. ಅವಳು ಸ್ಕ್ರೂಡ್ರೈವರ್ ಹಿಂದೆಗೆದುಕೊಂಡಳು.

ಮಾರನೆಯ ದಿನ ಅವನ ಫೋನು. ಮುಳ್ಳು ಈಗ ಎಗರುತ್ತಿಲ್ಲವಂತೆ. ಭಾನುವಾರ ಭಾವ ಪಕ್ಕದಲ್ಲಿ ಕೂತು ತಾವೇ ನೋಡುತ್ತಾರಂತೆ. ಒಂದೇ ಒಂದು ಸಲ ಎಗರಿದರೂ ಕಾರು ಗುಜರಿಗೆ. "ನಿಮ್ಮ ಕೈಕೆಲಸ ಅಲ್ವಾ, ನಂಗೇನೂ ಭಯ ಇಲ್ಲ" ಎಂದ.

ಅವಳಿಗೆ ಗೊತ್ತಿತ್ತು, ನಾಲ್ಕು ಗುಂಡಿ ಹತ್ತಿಳಿದರೆ ಆ ಸ್ಕ್ರೂ ಪೂರ್ತಿ ಸಡಿಲವಾಗುತ್ತದೆ. ಊಟ ಸೇರಲಿಲ್ಲ. ಸೊಸೆಯ ಮುಖ ಕಂಡು ಅತ್ತೆ ಕೇಳಿದರು, ಅವಳು ಬಾಯಿಬಿಟ್ಟಳು. ಅತ್ತೆ ಬೀನ್ಸಿನ ನಾರು ತೆಗೆಯುವುದನ್ನು ನಿಲ್ಲಿಸಲಿಲ್ಲ.

"ಅರೆಬರೆ ಕೆಲಸ ನಿನ್ನ ಕೈಗೆ ಒಗ್ಗಲ್ಲ ಕಣೆ. ಹೋಗಿ ಬಿಗಿ ಮಾಡ್ಬಿಟ್ಟು ಬಾ. ಎಲ್ಲ ಸರಿಯಾದ್ಮೇಲೂ ಬರೋ ಮನಸ್ಸಿದ್ರೆ, ಅವನು ಬರ್ತಾನೆ." ಆಮೇಲೆ ತಲೆಯೆತ್ತದೆ ಸೇರಿಸಿದರು, "ಬಂದ್ರೆ ನಂಗೇನೂ ಬೇಜಾರಿಲ್ಲ."

ಭಾನುವಾರ ಅವಳು ಮೇಷ್ಟ್ರ ಮನೆಗೆ ಹೋದಾಗ ಕಾರು ಗೇಟಿನ ಬಳಿ ಸಿದ್ಧವಾಗಿ ನಿಂತಿತ್ತು. ಮೇಷ್ಟ್ರು ಗಾಜು ಒರೆಸುತ್ತಿದ್ದ. ಅವಳು ಪೀಠಿಕೆ ಹಾಕಲಿಲ್ಲ.

"ಸ್ಕ್ರೂ ನಾನು ಪೂರ್ತಿ ಬಿಗಿ ಮಾಡಿಲ್ಲ. ಬೇಕಂತಲೇ ಬಿಟ್ಟೆ."

ಬಟ್ಟೆ ಹಿಡಿದ ಅವನ ಕೈ ಗಾಜಿನ ಮೇಲೇ ನಿಂತಿತು. "ಯಾಕೆ?"

"ನೀವು ಇನ್ನೊಂದ್ಸಲ ಬರ್ಲಿ ಅಂತ."

ಅವನು ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ.

"ನೋಡಿ... ಇವತ್ತು ಭಾವನ್ನ ಸುತ್ತಾಡಿಸಿಕೊಂಡು ನಿಮ್ಮ ಅಂಗಡಿಗೇ ಬರೋನಿದ್ದೆ. ಯಾವ ನೆಪ ಹೇಳೋದು ಅಂತ ಬೆಳಗಿಂದ ಒದ್ದಾಡ್ತಿದ್ದೆ."

ಕಾರಿನೊಳಗಿಂದ ಕೆಮ್ಮು ಕೇಳಿಸಿತು. ಮುಂದಿನ ಸೀಟಿನಲ್ಲಿ ಭಾವ ಆಗಲೇ ಕೂತಿದ್ದರು. "ಸ್ಕ್ರೂ ಲೂಸಾಗಿರೋದು ಕಾರಿಗೊಂದೇ ಅಲ್ಲ ಅನ್ನು" ಎನ್ನುತ್ತ ಇಳಿದು, ಹಿಂದಿನ ಸೀಟಿಗೆ ಹೋಗಿ ಕೂತರು.

ಅವಳು ಆ ಅರ್ಧ ಸುತ್ತನ್ನು ಬಿಗಿ ಮಾಡಿ ಮುಂದೆ ಕೂತಳು. ಕಾರು ಹೊರಟಿತು. ಗೇರ್ ಬದಲಿಸಿದ ಅವನ ಕೈ ಅವಳ ಕೈಯ ಪಕ್ಕದಲ್ಲೇ ಉಳಿಯಿತು; ಅವಳು ಸರಿಸಿಕೊಳ್ಳಲಿಲ್ಲ. ಮೊದಲ ಎಡ ತಿರುವು ಬಂತು, ಹೋಯಿತು.

"ಎಗರ್ತಾ?" ಎಂದರು ಭಾವ.

ಇಬ್ಬರೂ ಮೀಟರ್ ನೋಡಿರಲಿಲ್ಲ. ಅವಳಿಗೆ ಸುಳ್ಳು ಹೇಳಲಾಗಲಿಲ್ಲ. "ನೋಡ್ಲಿಲ್ಲ ಭಾವ. ಇನ್ನೊಂದ್ಸಲ ತಿರುಗಿಸ್ಲಿ." ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಭಾವ ನಾನು ಅವನಿಗಮ್ಮ," ಎಂದರು ಅವರು, ಸೀಟಿಗೆ ಆರಾಮಾಗಿ ಒರಗುತ್ತ. "ನಿಂಗೆ ಅಣ್ಣ ಆಗ್ಬೇಕು."