ಉತ್ತರದ ಗೋಡೆಗೆ ಬಾಗಿಲು ಬೇಡವೆಂದವಳು

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಕಣಗಿಲೆದುರ್ಗ ಎಂಬ ರಾಜ್ಯವಿತ್ತು. ಅದರ ಸುತ್ತ ಏಳಾಳೆತ್ತರದ ಕೋಟೆಗೋಡೆ. ಗೋಡೆಗೆ ಒಂದೇ ಬಾಗಿಲು, ಅದೂ ಗಿಡ್ಡ. ಅದರಡಿ ಹಾದವರ ಮಾಯಾವೇಷ ಕಳಚಿ ಬೀಳುವಂತೆ ಹಿಂದಿನ ಶಿಲ್ಪಿಯೊಬ್ಬ ಮಂತ್ರ ಹಾಕಿ ಕಟ್ಟಿದ್ದ. ಗೋಡೆಗೆ ಗಾರೆ ಮೆತ್ತುವ ಚಿಕ್ಕತಾಯಿ ಎಂಬ ಹೆಂಗಸೊಬ್ಬಳನ್ನು ಬಿಟ್ಟರೆ ಈ ಮಾತನ್ನು ಈಗ ಯಾರೂ ನಂಬುತ್ತಿರಲಿಲ್ಲ.

ದೊರೆ ಮಾರರಸನ ಮಗಳು ಕನಕಾಂಬೆಗೆ ಮದುವೆ ಗೊತ್ತಾಯಿತು. ಆಗ ಕರಾಳಜಟಿಯೆಂಬ ಮಾಂತ್ರಿಕ ಹದ್ದಾಗಿ ಗೋಡೆ ಹಾರಿ ಒಳಗೆ ಬಂದು, ಜೋಯಿಸನ ವೇಷದಲ್ಲಿ ಆಸ್ಥಾನ ಸೇರಿದ. ಗಂಡಿನ ಅಂಬಾರಿ ಆನೆ ಗಿಡ್ಡ ಬಾಗಿಲಲ್ಲಿ ನುಗ್ಗಲಾರದು, ಉತ್ತರದ ಗೋಡೆ ಒಡೆದು ಹೊಸ ಬಾಗಿಲು ಇಡಿಸಿ ಎಂದ. ದೊರೆಗೆ ಹಿಡಿಸಿತು, ಊರಿಗೂ ಹಿಡಿಸಿತು. ಕಲ್ಲುಕುಟಿಗರು ಉಳಿ ಸುತ್ತಿಗೆ ಹಿಡಿದು ಹೊರಟರು.

ಚಿಕ್ಕತಾಯಿ ಗಾರೆ ಮೆತ್ತಿದ ಕೈಯಲ್ಲೇ ಆಸ್ಥಾನಕ್ಕೆ ಹೋದಳು.

"ಬುದ್ಧಿ, ಗೋಡೆ ಒಡೆಸಬೇಡಿ. ಇರೋ ಬಾಗಿಲು ಬಂದವರು ಯಾರು ಅಂತ ತೋರಿಸುತ್ತೆ. ಹೊಸದಕ್ಕೆ ಆ ಕಣ್ಣಿರೋದಿಲ್ಲ," ಎಂದಳು.

ಜೋಯಿಸ ನಕ್ಕ. ಗೋಡೆಯ ಪರ ಮಾತಾಡುವವಳು ಮೂರು ಪರೀಕ್ಷೆ ಗೆಲ್ಲಲಿ, ಸೋತರೆ ದೇಶ ಬಿಡಲಿ ಎಂದ. ಅವಳು ಒಪ್ಪಿದಳು.

ಮೊದಲನೆಯ ದಿನ, ಗೋಡೆಯ ಲಕ್ಷ ಕಲ್ಲುಗಳಲ್ಲಿ ಮೊದಲು ಇಟ್ಟದ್ದು ಯಾವುದೆಂದು ತೋರಿಸು ಎಂದ. ಶುಭವಾಗಲೆಂದು ಮೊದಲ ಕಲ್ಲಿನ ಗಾರೆಗೆ ಬೆಲ್ಲ ಹೆಚ್ಚು ಹಾಕುತ್ತಾರೆಂದು ಚಿಕ್ಕತಾಯಿಗೆ ಗೊತ್ತಿತ್ತು. ಇರುವೆ ಸಾಲಿನ ಹಿಂದೆ ನಡೆದಳು. ಸಾಲು ನಿಂತಲ್ಲಿ ಕೈಯಿಟ್ಟಳು. "ಮೊದಲು ಬಂದವ ನಾನೇ," ಎಂದಿತು ಕಲ್ಲು.

ಎರಡನೆಯ ದಿನ ಅವನು ಕಬ್ಬಿಣದ ಟಗರೊಂದನ್ನು ಗೋಡೆಗೆ ಗುದ್ದಲು ಬಿಟ್ಟ, ಆಯುಧವಿಲ್ಲದೆ ತಡೆ ಎಂದ. ಚಿಕ್ಕತಾಯಿ ದಾರಿಯ ಉದ್ದಕ್ಕೂ ಹಸಿ ಗಾರೆ ಸುರಿದಳು. ಟಗರು ಗುಟುರು ಹಾಕುತ್ತಾ ಓಡಿಬಂದು ಗಾರೆಯಲ್ಲಿ ಹೂತುಕೊಂಡಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಗಾರೆ ಕಲ್ಲಾಯಿತು. ಟಗರು ಅಲ್ಲೇ ನಿಂತುಬಿಟ್ಟಿತು.

ಮೂರನೆಯ ದಿನ, ಗೋಡೆಯಾಚೆ ಏನಿದೆಯೆಂದು ಕೋಟೆ ದಾಟದೆ ಹೇಳು ಎಂದ. ಸಂದುಗಳಿಗೆ ಗಾರೆ ತುಂಬುವಾಗ ಗಿಳಿಗಳ ಗೂಡನ್ನು ಅವಳು ಎಂದೂ ಮುಚ್ಚಿದವಳಲ್ಲ. ಗಿಳಿಗಳು ಹಾರಿಹೋಗಿ ನೋಡಿ ಬಂದು ಕಿವಿಯಲ್ಲಿ ಉಸುರಿದವು.

"ಬುದ್ಧಿ, ಆಚೆ ಮದುವೆ ದಿಬ್ಬಣ ಕಾದಿದೆ. ಜರಿರುಮಾಲು ಸುತ್ತಿದ್ದಾರೆ, ಓಲಗ ಹಿಡಿದಿದ್ದಾರೆ. ಆದರೆ ಅವರ ನೆರಳೆಲ್ಲ ತೋಳದ ನೆರಳು," ಎಂದಳು.

ದೊರೆ ಜೋಯಿಸನ ಕಡೆ ತಿರುಗಿದ. "ಜೋಯಿಸರೇ, ಹಳೇ ಬಾಗಿಲಿಂದ ಒಮ್ಮೆ ಹಾದು ಬನ್ನಿ," ಎಂದ.

ರೆಕ್ಕೆ ಮೂಡಿಸಿಕೊಂಡು ಹಾರಹೊರಟ ಜೋಯಿಸನನ್ನು ಭಟರು ಹಿಡಿದು ಬಾಗಿಲಡಿ ನಡೆಸಿದರು. ಜಟೆ, ರುದ್ರಾಕ್ಷಿ, ರೆಕ್ಕೆ ಎಲ್ಲ ಕಳಚಿ ಬಿದ್ದವು. ಉಳಿದದ್ದು ಬೋಳು ಬಾಲದ ಮುದಿ ನರಿ. ಅದು ಕಾಡಿಗೆ ಓಡಿಹೋಯಿತು. ಅವನ ಮಾಯೆ ಹರಿದದ್ದೇ ತಡ, ಹೊರಗೆ ದಿಬ್ಬಣದ ವೇಷದಲ್ಲಿದ್ದ ತೋಳಗಳೆಲ್ಲ ನಿಜವಾದ ಮನುಷ್ಯರಾದರು. ಅವರು ಅವನ ಶಾಪಕ್ಕೆ ಸಿಕ್ಕಿದ್ದ ಒಂದಿಡೀ ಊರಿನವರು. ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತು, ಆಮೇಲೆ ನಕ್ಕರು.

ಮರುದಿನ ನಿಜವಾದ ಗಂಡು ಬಂದ. ಬಾಗಿಲು ಕಂಡು ಆನೆಯಿಂದಿಳಿದ, ತಲೆ ಬಗ್ಗಿಸಿ ನಡೆದ. ರುಮಾಲು ಕಲ್ಲಿಗೆ ತಗುಲಿ ಉರುಳಿತೇ ಹೊರತು ಅವನು ಅವನೇ ಆಗಿದ್ದ. ಕನಕಾಂಬೆ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಶಾಪ ಕಳೆದ ಊರಿನವರೂ ಮದುವೆಗೆ ಉಳಿದರು. ಚಿಕ್ಕತಾಯಿಯನ್ನು ದೊರೆ ಮೊದಲ ಪಂಕ್ತಿಯಲ್ಲಿ ಕೂರಿಸಿ ತಾನೇ ಹೋಳಿಗೆಗೆ ತುಪ್ಪ ಬಡಿಸಿದ. ಕಣಗಿಲೆದುರ್ಗದವರು ಮಕ್ಕಳು ಮೊಮ್ಮಕ್ಕಳನ್ನು ಕಂಡು, ನೂರು ಕಾಲ ನಗುನಗುತ್ತಾ ಬಾಳಿದರು.